ಗುಳಿಗೆ ಡಬ್ಬಿಯ ಸದ್ದು

ಫಿನಾಯಿಲಿನ ವಾಸನೆ, ಅದರೊಳಗೆ ಯಾರದೋ ಜಡೆಯ ಅಬ್ಬಲಿಗೆ, ದವಾಖಾನೆಯ ಈ ಸಾಲಿಗೂ ಹೂ ಮುಡಿದು ಬರುತ್ತಾರಲ್ಲ ಎಂದು ಮದಿನಾಬಿಗೆ ನಗು — ಚಿಕ್ಕೋಡಿಯವಳಾದರೂ ಇಷ್ಟು ದಿನ ಎಚ್‌ಐವಿ ಗುಳಿಗೆಗೆ ಅಥಣಿಯ ಬಸ್ಸು ಹತ್ತಿದಳು, ನಕಾಬು ಎಳೆದುಕೊಂಡು, ತನ್ನೂರವರು ನೋಡಬಾರದೆಂದು, ಅದೇ ಭಯಕ್ಕೆ ಅಥಣಿಯವರು ಚಿಕ್ಕೋಡಿಗೆ, ನಿಪ್ಪಾಣಿಯವರು ಗಡಿಯಾಚೆಗೆ, ಕೊನೆಗೆ ಅಥಣಿಯ ಸಾಲಿನಲ್ಲಿ ಸಿಕ್ಕವಳು ಪಕ್ಕದ ಮನೆಯ ಲಗಮವ್ವ, ಅಯ್ಯ ಮದಿನಾ, ನೀನೂ ಮನ್ಯಾಗ ಮದುವಿ ಅಂತ ಹೇಳೇ ಬಂದೀಯೇನ ಬೇ, ಹೌದ ಬೇ ಯವ್ವಾ, ಇದ ಮದುವಿಗೆ, ಬಸ್ಸಿನುದ್ದಕ್ಕೂ ಇಬ್ಬರೂ ನಕ್ಕಿದ್ದರು. ಇವತ್ತು ತನ್ನೂರಿನದೇ ಸಾಲು, ಮುಖ ಬಯಲು, ಯಾಕೆಂದರೆ ನಿನ್ನೆ ಮೈದುನ ಅರ್ಮಾನ, ಭಾಬಿ, ಸರಕಾರಿ ದವಾಖಾನಿ ಬ್ಯಾಡ, ಮಿರಜದಾಗ ನನ್ನ ದೋಸ್ತ ಡಾಕ್ಟರ್ ಅದಾನ, ಗುಳಿಗಿ ನಾ ಕೊಡಸ್ತೀನಿ, ನಾ ಹೇಳ್ದಂಗ ಇದ್ದರ ಸಾಕು ಅಂದ — ನಾ ಹೇಳ್ದಂಗ, ಅಂದರೆ ಅವನಿಗೆ ಸಿಟ್ಟು ಬಂದ ದಿನ ಗುಳಿಗೆಯಿಲ್ಲ, ಅಜ್ಜಿ, ನಾನಿಯ, ಕಥೆಯ ರಕ್ಕಸನ ಜೀವವಾದರೂ ಏಳು ಸಮುದ್ರದಾಚೆಯ ಗಿಳಿಯಲ್ಲಿತ್ತು, ತನ್ನದು ಮೈದುನನ ಕಿಸೆಯಲ್ಲಿರಬೇಕೇ, ಆ ಸಮುದ್ರಗಳಾಚೆಯ ಸುದ್ದಿಯನ್ನು ಇಲ್ಲಿ ಆಪ್ತಸಮಾಲೋಚನೆ ಮಾಡುವ ಕಾಂಚನ ಬೆಳಿಗ್ಗೆ ಅಥಣಿಯ ಕಾರ್ಡು ಇಲ್ಲಿಗೆ ಬದಲಿಸಿಕೊಡುವಾಗ ಹೇಳಿದ್ದಳು, ಇಂಗ್ಲೆಂಡಿನ್ಯಾಗ ನೀ ಯಾವ ದೇಶದಾಕಿ ಅಂತನೂ ಕೇಳದ ಗುಳಿಗಿ ಕೊಡ್ತಾರ್ರಿ, ಅಮೆರಿಕಾದಾಗ ವಿಮಾ ಬೇಕು, ಇಲ್ಲದವರಿಗೆ ಸರಕಾರದ ಬ್ಯಾರೆ ನಿಧಿ ಐತಿ, ಆಫ್ರಿಕಾದಾಗ ಎಷ್ಟೋ ಕಡೆ ಪರದೇಶದವರ ರೊಕ್ಕ, ಅವರು ಕೈ ಬಿಗಿ ಮಾಡಿದ ಕೂಡಲೆ ಕೆಲವು ದವಾಖಾನಿಗೆ ಕೀಲಿ ಬಿತ್ತು — ಅರ್ಮಾನನ ಕೈಯೂ ಅಂಥದೇ, ಗಂಡ ಆಸಿಫ ದುಡಿದ ಗಲ್ಫಿನವರಂತೂ ರಕ್ತ ನೋಡಿ ಗುಳಿಗೆಯ ಬದಲು ವಿಮಾನ ಹತ್ತಿಸಿದರು, ಊರಿಗೆ ಬಂದವನು ಮಂದಿ ನೋಡ್ತಾರ, ಮಂದಿ ನೋಡ್ತಾರ ಅನ್ನುತ್ತಲೇ ಹಾಸಿಗೆಯಲ್ಲಿ ಕರಗಿಹೋದ, ನಾಲ್ಕು ಓಣಿ ಆಚೆ ಪುಕ್ಕಟೆ ಗುಳಿಗೆಯಿತ್ತು, ಪುಕ್ಕಟೆ ಯಾಕೆ, ತಾನು ಕೊಂಡ ಸಾಬೂನಿಗೂ ತೆರಿಗೆ ಹೋಗಿದೆ, ಇದು ಯಾರ ದಾನವೂ ಖೈರಾತೂ ಅಲ್ಲ, ಅಗೋ ಏಕಸಂಬಿಯ ಅಪ್ಪಾಸಾಬ, ಅರ್ಮಾನನ ಗೆಳೆಯ, ಏನ ಮದಿನಾಬಿ, ಇಲ್ಯಾಕ ನಿಂತೀ, ನನ್ನ ಗುಳಿಗಿಗೆ ಕಾಕಾ, ಎಚ್‌ಐವಿ ಗುಳಿಗಿ, ಅರ್ಮಾನಗೂ ಹೇಳ್ರಿ, ಮಿರಜಕ್ಕ ನಾ ಬರಂಗಿಲ್ಲ, ಅವನ ಬಾಯೊಳಗಿನ ಎಲೆಅಡಿಕೆ ಅಲ್ಲೇ ನಿಂತಿತು, ಸಾಲು ಸರಿಯಿತು, ಕಾಂಚನ ಡಬ್ಬಿಯ ಜೊತೆಗೆ ಅರಳೆಯ ತುಣುಕನ್ನೂ ಚಾಚಿದಳು, ಬ್ಯಾಗಿನಲ್ಲಿ ಸದ್ದಾಗದಂತೆ ಎಲ್ಲರೂ ಡಬ್ಬಿಯೊಳಗೆ ತುರುಕುತ್ತಾರೆ, ತಾನೂ ತುರುಕಿದ್ದಳು, ಬ್ಯಾಡ್ರಿ ಅಕ್ಕಾರ, ಹಂಗ ಇರ್ಲಿ, ಹೊರಗೆ ಬಿಸಿಲು, ಬಜಾರು, ಅರ್ಮಾನನ ಬಟ್ಟೆ ಅಂಗಡಿ, ರೊಕ್ಕ ಎಣಿಸುವ ಗಲ್ಲೆಯ ಮೇಲಿಂದ ಅವನು ಏಳುತ್ತಿದ್ದಾನೆ, ಏಳಲಿ, ಕೈಯಲ್ಲಿ ಬಿಳಿ ಡಬ್ಬಿ, ಗಲಗಲ, ಹೆಜ್ಜೆಗೊಮ್ಮೆ ಗಲಗಲ, ಅವನ ಬಾಗಿಲೆದುರು ಬಿಳಿ ಡಬ್ಬಿ, ಗಲಗಲ, ಬಿಳಿ ಡಬ್ಬಿ —