ಮಿಲ್ಲಿನೊಳಗಿನ ಸಪ್ಪಳ

ಓಣಿಯ ಹುಡುಗ ವೀರೇಶ ಗೋಡೆಯ ಬೋರ್ಡಿನಿಂದ ಒಂದು ಪ್ಲಗ್ ಕಿತ್ತು ಭಜನೆಯವರ ಮೈಕಿನದನ್ನು ಸಿಕ್ಕಿಸಿದನೋ ಇಲ್ಲವೋ, ಶಂಕ್ರವ್ವ ಗಂಡನ ಪಕ್ಕದಿಂದ ಎದ್ದೇಬಿಟ್ಟಳು. ಬೆಳಿಗ್ಗೆಯಿಂದ ಪಿಟ್ ಎನ್ನದವಳು.

"ಅದನ್ನ ಯಾಕ ಕಿತ್ತಿ? ಅದರಾಗ ಅವರ ಸಪ್ಪಳ ಐತಿ."

ಕೂತವರು ಮುಖ ಮುಖ ನೋಡಿಕೊಂಡರು. ಉಳವಪ್ಪ ಮಾತ್ರ ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಮಾಲೆ ಹಾಕಿಸಿಕೊಂಡು, ಗೋಡೆಗೆ ಒರಗಿ ಸುಮ್ಮನೆ ಕೂತಿದ್ದ. ಬದುಕಿದ್ದಾಗ ಅಷ್ಟು ಸುಮ್ಮನೆ ಕೂತ ಆಸಾಮಿಯಲ್ಲ.

"ಯಾವ ಸಪ್ಪಳಬೇ?" ಎಂದಳು ಮಗಳು ರಾಜಶ್ರೀ.

ಶಂಕ್ರವ್ವ ಕಿಟಕಿಯ ಕೆಳಗಿನ ಮೇಜು ತೋರಿಸಿದಳು. ಅಲ್ಲೊಂದು ಕರಿ ಪೆಟ್ಟಿಗೆ. ಮುಂದೆ ಹಾರ್ಮೋನಿಯಂನಂಥ ಕಪ್ಪು ಬಿಳಿ ಮನೆಗಳು, ಮೇಲೆ ಸಾಲುಗಟ್ಟಿ ನಾಬುಗಳು. ಅದಕ್ಕೆ ಸಿಂಥಸೈಜರ್ ಅನ್ನುತ್ತಾರೆಂದು ಉಳವಪ್ಪ ಅಂಬೇವಾಡಿಯ ಓಣಿಗೆಲ್ಲ ಹೇಳಿದ್ದ, ಯಾರಿಗೂ ತಲೆಗೆ ಹೋಗಿರಲಿಲ್ಲ. ಪಕ್ಕದ ಮನೆಯ ಕಾಶೆವ್ವ ಅದನ್ನು ಹಳೇ ರೇಡಿಯೋ ಎಂದೇ ನಂಬಿದ್ದಳು. ಭಜನೆಯ ಪೇಟಿಯವನಂತೂ ಆಗಿನಿಂದ ಅದಕ್ಕೆ ಗಾಳಿ ಎಲ್ಲಿಂದ ಹೊಡೆಯುತ್ತಾರೆಂದು ಹುಡುಕುತ್ತಿದ್ದ.

"ನಿನ್ನೆ ಸಂಜೀಕ ಅಂದ್ರು, ಸಿಕ್ತು ಅಂತ. ಮಿಲ್ಲಿನೊಳಗಿನ ಸಪ್ಪಳ ಸಿಕ್ತು, ಬಾ ಕೇಳು ಅಂದ್ರು. ನಾ ರೊಟ್ಟಿ ಬಡಿಯಾಕತ್ತಿದ್ದೆ. ನಾಳೆ ಕೇಳಿದ್ರಾತು ಬಿಡ್ರಿ ಅಂದೆ." ಶಂಕ್ರವ್ವ ಪೆಟ್ಟಿಗೆಗೆ ಅಡ್ಡ ನಿಂತಳು. "ಅದನ್ನ ಕೇಳದ ನಾ ಇವರನ್ನ ಕಳಸೂದಿಲ್ಲ."

ಅಯ್ಯನವರು ಬಾಗಿಲಾಚೆ ಬಿಸಿಲು ನೋಡಿದರು. "ಹೊತ್ತು ಮುಳುಗೂದರಾಗ ಮಣ್ಣ ಆಗಬೇಕವಾ."

"ಆಗಲಿ. ಮೊದಲ ಇದು."

ರಾಜಶ್ರೀ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು.

*

ಉಳವಪ್ಪ ಬಂಗೂರನಗರದ ಕಾಗದದ ಮಿಲ್ಲಿನಲ್ಲಿ ದೊಡ್ಡ ಮಶೀನಿನ ಮುಂದೆ ನಿಂತು ಜೀವ ಸವೆಸಿದವನು. ಮನೆಗೆ ಬಂದು "ನೀರು ತಾ" ಎಂದರೆ ಓಣಿಯ ಕೊನೆಗೆ ಕೇಳಿಸುತ್ತಿತ್ತು. "ಇವತ್ತ ಪಲ್ಯಾ ಚಲೋ ಆಗೇತಿ" ಎಂದರೂ ಬೈದ ಹಾಗೆಯೇ. ಕಾಶೆವ್ವ ಎಷ್ಟೋ ಸಲ ಕೆಲಸ ಬಿಟ್ಟು ಓಡಿಬಂದು, "ಏನಾತ? ಕೈ ಮಾಡಿದ್ನ?" ಎಂದು ಕೇಳಿದ್ದಳು. ಶಂಕ್ರವ್ವ ನಾಚಿಕೆಯಿಂದ ಕುಗ್ಗಿಹೋಗುತ್ತಿದ್ದಳು.

ರಿಟೈರ್ ಆದ ಮೇಲೂ ದನಿ ಇಳಿಯಲಿಲ್ಲ. ಒಂದು ದಿನ ಶಂಕ್ರವ್ವ ಕೇಳಿಯೇಬಿಟ್ಟಳು.

"ಅಂಥಾದ್ದೇನ ಸಪ್ಪಳ ಇತ್ತರಿ ಅಲ್ಲಿ? ಇಲ್ಲಾ, ನನ್ನ ಕಂಡ್ರ ಆಗೂದಿಲ್ಲೊ?"

"ನಾ ಎಂದ ಒದರೀನಿ?" ಎಂದು ಅವನು ಒದರಿದ. ಆಮೇಲೆ ತನ್ನ ದನಿ ತಾನೇ ಕೇಳಿಸಿಕೊಂಡವನ ಹಾಗೆ ಎದ್ದು ಹೊರಗೆ ಹೋದ.

ಮುಂದೆ, ಮಿಲ್ಲಿನ ಸಪ್ಪಳ ಅವಳಿಗೂ ಕೇಳಿಸುತ್ತೇನೆಂದು, ಜೋಯ್ಡಾದ ಕಡೆ ಯಾವುದೋ ರೆಸಾರ್ಟಿನಲ್ಲಿ ಬಾರಿಸುತ್ತಿದ್ದ ಗೋವಾದವನಿಂದ ಈ ಪೆಟ್ಟಿಗೆ ಹೊತ್ತು ತಂದ. ದಿನಾ ಸಂಜೆ ಅದರ ಮುಂದೆ. ಒಮ್ಮೆ ಮಳೆ ಬಂದ ಹಾಗೆ, ಒಮ್ಮೆ ಜೇನು ಎದ್ದ ಹಾಗೆ, ಒಮ್ಮೆ ಯಾವ ಹಾಗೂ ಅಲ್ಲ.

"ಈ ನಾಬು ಬಾಗಲಾ ಇದ್ದಂಗ," ಎಂದು ಹೆಂಡತಿಗೆ ವಿವರಿಸುತ್ತಿದ್ದ. "ಮುಚ್ಚಿದ್ರ ಸಪ್ಪಳ ಒಳಗ, ತಗದ್ರ ಹೊರಗ. ಇದು ನಡುಗಸತೈತಿ. ಇದು, ಬೆರಳು ತಗದ ಮ್ಯಾಲೂ ದನಿ ಎಷ್ಟೊತ್ತು ಇರಬೇಕಂತ ಹೇಳತೈತಿ."

"ನಾಳಿಗೆ ಇದನ್ನ ಮತ್ತ ತಗಿಯೂದು ಹೆಂಗ?"

"ಇದಕ್ಕ ನೆನಪಿಲ್ಲ. ನಾಬು ಎಲ್ಲೆಲ್ಲಿ ನಿಂತಾವೋ ಅಷ್ಟ ಇದರ ನೆನಪು. ಮುಟ್ಟಬ್ಯಾಡ್ರಿ ಯಾರೂ."

*

ವೀರೇಶ ಎಕ್ಸ್‌ಟೆನ್ಶನ್ ಬೋರ್ಡ್ ತಂದು ಪೆಟ್ಟಿಗೆಯ ಪ್ಲಗ್ ಮತ್ತೆ ಹಾಕಿದ. ಅದರ ವೈರನ್ನು ಭಜನೆಯವರ ಸ್ಪೀಕರಿಗೆ ಸಿಕ್ಕಿಸಿ ಒಂದು ಮನೆ ಒತ್ತಿದ. ಪೊಂ ಎಂದಿತು.

"ಇದ ಏನು ಆ ಸಪ್ಪಳ?" ಎಂದಳು ಶಂಕ್ರವ್ವ.

ರಾಜಶ್ರೀ ಅಳತೊಡಗಿದಳು.

"ಮುಂಜಾನೆ ಮಂದಿ ಬರ್ತಾರಂತ ಎಲ್ಲಾ ಒರಸಿದೆನಬೇ. ನಾಬು ಒಂದೊಂದು ಒಂದೊಂದ ಕಡೆ ಸೊಟ್ಟ ನಿಂತಿದ್ವು. ಸಾವಿನ ಮನಿ, ಚಂದ ಕಾಣಲಿ ಅಂತ ಎಲ್ಲಾ ನೆಟ್ಟಗ ಮಾಡಿದೆ."

ಶಂಕ್ರವ್ವ ಬೈಯಲಿಲ್ಲ. ಗಂಡನ ಪಕ್ಕ ಕುಸಿದು ಕೂತಳು. "ಇನ್ನ ತಿಳಿಯೂದಿಲ್ಲ ಬಿಡು," ಎಂದಳು. "ಇವರು ಮಿಲ್ಲಿಗೆ ಒದರತಿದ್ರೋ, ನನಗ ಒದರತಿದ್ರೋ."

ಆಗ ಜ್ಯೋತಿಬಾ ಎದ್ದ. ಉಳವಪ್ಪನ ಜೊತೆ ಅದೇ ಮಶೀನಿನ ಮುಂದೆ ನಿಂತವನು. "ತಡೀ ವೈನಿ," ಎಂದು ಒಂದು ನಾಬು ತಿರುಗಿಸಿದ. ದನಿ ದಪ್ಪಗಾಯಿತು.

"ಹಂಗಲ್ಲೋ," ಎಂದ ಮಿಲ್ಲಿನ ಬಾಯ್ಲರಿನ ಕಡೆ ಕೆಲಸಕ್ಕಿದ್ದ ಲೋಕೇಶ. "ಬುಸ್ ಅನ್ನೂದ ಇಲ್ಲಲ್ಲ."

"ಬುಸ್ ನಿಂದು. ನಮ್ಮಲ್ಲಿ ಗರಗರ ಇತ್ತು."

"ಕಟ್ಟಿಗಿ ಕಡಿಯೂ ಕಡೆ ಬಂದಿದ್ರ ತಿಳೀತಿತ್ತು ನಿಮಗ," ಎಂದು ಮೂಲೆಯಿಂದ ಮತ್ತೊಬ್ಬ ಮುದುಕ ಎದ್ದುಬಂದ. ಮೂವರ ಮಿಲ್ಲೂ ಬೇರೆ ಬೇರೆ. ಒಬ್ಬ ಏರಿಸಿದರೆ ಇನ್ನೊಬ್ಬ ಇಳಿಸುತ್ತಿದ್ದ. ಸಾವಿಗೆ ಬಂದವರೋ ಸಂತೆಗೆ ಬಂದವರೋ ತಿಳಿಯದಂತಾಗಿ ಅಯ್ಯನವರು ಹಣೆ ಒತ್ತಿಕೊಂಡರು.

ಒಮ್ಮೆಲೇ ಸಪ್ಪಳ ಕೂಡಿಕೊಂಡಿತು. ಗರಗರ, ಬುಸ್, ಅದರ ಕೆಳಗೆ ನಿಲ್ಲದ ಒಂದು ನಡುಕ. ಕಿಟಕಿಯ ಗಾಜು ಅದುರಿತು, ಉಳವಪ್ಪನ ಕೊರಳಿನ ಹೂವು ಅದುರಿದವು. ಅದು ಅವನು ಕಟ್ಟಿದ ಸಪ್ಪಳವೋ ಅಲ್ಲವೋ ಯಾರು ಹೇಳಬೇಕು.

ಶಂಕ್ರವ್ವ ನೋಡುತ್ತಿದ್ದಳು. ಜ್ಯೋತಿಬಾ ಲೋಕೇಶನ ಕಿವಿಗೆ ಬಾಯಿ ಹಚ್ಚಿ, ಕತ್ತಿನ ನರ ಉಬ್ಬಿಸಿ, "ಮಂಡಿನೋವು ಹೆಂಗ ಐತೋ?" ಎಂದು ಕೂಗಿದ. "ಕಡಿಮಿ ಆಗೇತಿ!" ಎಂದು ಲೋಕೇಶ ತಿರುಗಿ ಒದರಿದ. ಹಾಗೆ ಮಾತಾಡುತ್ತಿದ್ದೇವೆಂಬ ಅರಿವು ಇಬ್ಬರಿಗೂ ಇರಲಿಲ್ಲ.

ಅವಳು ಗಂಡನ ಕಿವಿಯ ಹತ್ತಿರ ಬಾಗಿ ಏನೋ ಹೇಳಿದಳು. ಅವಳ ಮಾತು ಅವಳಿಗೇ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವನ ಹೆಗಲು ಹಿಡಿದು, ಎದೆ ತುಂಬ ಉಸಿರು ತೆಗೆದುಕೊಂಡಳು.

"ನೀರು ಬೇಕೇನ್ರೀ?"

ಹೆಣ ಕೂರಿಸುವ ವಿಮಾನ ಹೊರಲು ಬಂದವರು ಹೊಸ್ತಿಲಲ್ಲೇ ನಿಂತರು. ಪಕ್ಕದ ಮನೆಯಲ್ಲಿ ಚಹಾ ಕಾಸುತ್ತಿದ್ದ ಕಾಶೆವ್ವ ಕೈಯಲ್ಲಿ ಸೌಟು ಹಿಡಿದುಕೊಂಡೇ ಓಡಿಬಂದಳು.