ನೇರ ಪ್ರದರ್ಶನ

ಕೂದಲನ್ನು ಎರಡೂ ಕೈಗಳಿಂದ ಹಿಂದಕ್ಕೆ ಸರಿಸಿ, ಕ್ಲಿಪ್ಪು ಬಿಗಿ ಮಾಡಿಕೊಂಡು ವೇದಿಕೆಯ ಮೇಲಿದ್ದ ಅವಳು ತಲೆಯೆತ್ತುವಷ್ಟರಲ್ಲಿ ಸಭಿಕರ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಯಾಕೆ ನಕ್ಕರೆಂದು ಅವಳಿಗೆ ತಕ್ಷಣ ಹೊಳೆಯಲಿಲ್ಲ. ಗುಂಡಿ ಒತ್ತಿ ಗೇಮ್ ಆಡುವ ಕಂಟ್ರೋಲರ್ ಮೇಜಿನ ಮೇಲೆ ತಣ್ಣಗೆ ಮಲಗಿತ್ತು. ಬೆನ್ನ ಹಿಂದಿನ ಗೋಡೆಯಗಲದ ಪರದೆಯಲ್ಲಿ ಗೇಮಿನ ನಾಯಕಿ ಮಾತ್ರ ಯಾರ ಹಂಗೂ ಇಲ್ಲದೆ ಛಾವಣಿಯಿಂದ ಛಾವಣಿಗೆ ಹಾರುತ್ತಿದ್ದಳು, ಕಾವಲುಗಾರರಿಬ್ಬರನ್ನು ಒದ್ದು ಕೆಡವಿ ಲಾಗ ಬೇರೆ ಹೊಡೆದಳು.

ಮುಗಿಯಿತಲ್ಲ, ಗುಟ್ಟು ರಟ್ಟಾಯಿತು.

ಕೋಟಿಗಟ್ಟಲೆ ಸುರಿದು ಮಾಡುವ ಇಂಥ ಗೇಮುಗಳ ಲೋಕದಲ್ಲಿ ಇದು ಹೊಸ ಸಂಗತಿಯೇನಲ್ಲ. ಗೇಮ್ ಇನ್ನೂ ಅರ್ಧ ಬೆಂದಿರುತ್ತದೆ, ಎಲ್ಲಿ ಕೈಕೊಡುತ್ತದೋ ಅದನ್ನು ಮಾಡಿದವರಿಗೇ ಗೊತ್ತಿರುವುದಿಲ್ಲ. ಹಾಗಾಗಿ ನುರಿತವರು ಯಾರೋ ಆಡಿದ್ದನ್ನು ಮೊದಲೇ ವಿಡಿಯೋ ಮಾಡಿಟ್ಟು, ವೇದಿಕೆ ಹತ್ತಿದವರ ಕೈಗೆ ಯಾವುದಕ್ಕೂ ಜೋಡಿಸದ ಕಂಟ್ರೋಲರ್ ಒಂದನ್ನು ಕೊಟ್ಟು, 'ಈಗ ನಿಮ್ಮ ಕಣ್ಣೆದುರೇ ಆಡಿ ತೋರಿಸುತ್ತೇವೆ' ಎಂದುಬಿಡುವುದು. ಬೆರಳು ಕುಣಿಸಿದರಾಯಿತು. ಕಂಪನಿಯ ಪ್ರಚಾರದ ಹೊಣೆ ಹೊತ್ತ ಅವಳು ಎಷ್ಟೋ ವರ್ಷಗಳಿಂದ ಹೀಗೆ ಬೆರಳು ಕುಣಿಸಿಕೊಂಡು ಬಂದವಳು. ಒಮ್ಮೆಯೂ ತಾಳ ತಪ್ಪಿರಲಿಲ್ಲ.

ಇವತ್ತು ತಪ್ಪಿಸಿದ್ದು ಚಿಕ್ಕಮ್ಮ. ಸಾಕಿ ಬೆಳೆಸಿದ ಚಿಕ್ಕಮ್ಮ ಒಮ್ಮೆಯಾದರೂ ತನ್ನ ಕೆಲಸ ನೋಡಲಿ ಎಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದೇ ಬಂತು. ಅಷ್ಟು ದೀಪ, ಅಷ್ಟು ನಗಾರಿ ಸದ್ದು, ಅಷ್ಟು ಜನರ ನಡುವೆ ಚಿಕ್ಕಮ್ಮನಿಗೆ ಕಂಡದ್ದು ಒಂದೇ: ಹುಡುಗಿಯ ಕೂದಲು ಕಣ್ಣಿಗೆ ಬೀಳುತ್ತಿದೆ. ತಮ್ಮ ಹಣೆ ಮುಟ್ಟಿ ಸನ್ನೆ ಮಾಡಿದರು. ಶಾಲೆಗೆ ಹೋಗುವ ದಿನಗಳಿಂದಲೂ ಆ ಸನ್ನೆ ಕಂಡೊಡನೆ ಏಳುತ್ತಿದ್ದ ಕೈಗಳು ಇವತ್ತೂ ಎದ್ದವು.

ನಗು ಈಗ ಸಾಲಿನಿಂದ ಸಾಲಿಗೆ ಹಬ್ಬಿ ಇಡೀ ಸಭಾಂಗಣ ಗೊಳ್ಳೆಂದಿತು. ಪರದೆಯ ಪಕ್ಕದ ಕತ್ತಲಲ್ಲಿ ಕಂಪನಿಯ ಯಜಮಾನರು ತಲೆ ಮೇಲೆ ಕೈ ಹೊತ್ತು ನಿಂತಿದ್ದರು. ಬೆಳಿಗ್ಗೆಯೇ ಕರೆದು ಹೇಳಿದ್ದರು: "ನೋಡಿ, ಐದು ವರ್ಷ ದುಡ್ಡು ಸುರಿದಿದೀನಿ. ಇವತ್ತು ಜನ ಒಪ್ಪಿದ್ರೆ ಗೇಮ್ ಅಂಗಡಿಗೆ. ಇಲ್ಲಾಂದ್ರೆ ಬಾಗಿಲು ಹಾಕ್ಕೊಂಡು ಎಲ್ಲಾರೂ ಮನೆಗೆ." ಎಲ್ಲಾರೂ ಅಂದರೆ ಮೂರು ಮಹಡಿ ತುಂಬ ಜನ. ಅವರ ಮುಖಗಳೆಲ್ಲ ಒಟ್ಟಿಗೆ ಅವಳ ಕಣ್ಮುಂದೆ ಬಂದವು.

ಹೇಳಬೇಕಾದ ಮಾತುಗಳೆಲ್ಲ ಬಾಯಿಪಾಠವಾಗಿದ್ದವು. ಒಂದೂ ನೆನಪಾಗಲಿಲ್ಲ.

"ಸಿಕ್ಕಿಬಿದ್ದೆ," ಎಂದಳು ಮೈಕಿನಲ್ಲಿ. "ಇದು ವಿಡಿಯೋ. ನಾನು ಆಡ್ತಿಲ್ಲ. ಸುಳ್ಳು ಹೇಳ್ದೆ, ತಪ್ಪಾಯ್ತು."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲಿಂದಲೋ ಒಂದು ಹೆಣ್ಣುದನಿ, "ಹಾಗಾದ್ರೆ ಈಗ ಆಡಿ!" ಎಂದಿತು. "ಹೌದು, ಆಡಿ!" ಎಂದಿತು ಇನ್ನೊಂದು. ನೋಡನೋಡುತ್ತಿದ್ದಂತೆ "ಆಡಿ! ಆಡಿ!" ಎಂದು ಕುರ್ಚಿಗಳೇ ಕೂಗುತ್ತಿರುವಂತಾಯಿತು.

ಈ ಕೂಗಿಗೇ ಕಾದಿದ್ದವನಂತೆ ದಾಡಿ ವೇದಿಕೆಗೆ ಓಡಿಬಂದ. ಗೇಮಿನ ನಿರ್ದೇಶಕನವನು. ಗೇಮ್ ಹೊರಬರುವವರೆಗೆ ಬೋಳಿಸುವುದಿಲ್ಲ ಎಂದು ಬಿಟ್ಟ ಗಡ್ಡ ಎದೆ ಮುಟ್ಟಿ, ಅವನ ನಿಜವಾದ ಹೆಸರು ಯಾರಿಗೂ ಬೇಡವಾಗಿತ್ತು. ನಿಜವಾದ ಗೇಮನ್ನೇ ಆಡಿಸೋಣ ಎಂದು ತಿಂಗಳುಗಟ್ಟಲೆ ಅವಳೊಡನೆ ಜಗಳವಾಡಿ ಸೋತಿದ್ದ. ಸೋತರೂ ಹಟಕ್ಕೆ ಗೇಮ್ ಓಡಿಸುವ ಯಂತ್ರವನ್ನು ಚೀಲದಲ್ಲಿ ಹೊತ್ತು ತಂದಿದ್ದ. ಈಗ ಮೇಜಿನಡಿ ತೂರಿಕೊಂಡು ತಂತಿ ಜೋಡಿಸತೊಡಗಿದ.

ಅವಳು ಬಗ್ಗಿ ಪಿಸುಗುಟ್ಟಿದಳು. "ಲೋ, ನಂಗೆ ಆಡೋಕೆ ಬರಲ್ಲ ಕಣೋ!"

ಮೈಕು ಆನ್ ಇತ್ತು. ಪಿಸುಮಾತು ಕೊನೆಯ ಸಾಲಿನವರೆಗೂ ತಲುಪಿತು.

"ಇಷ್ಟು ವರ್ಷ ಇದನ್ನೇ ಮಾರ್ಕೊಂಡು ಬಂದಿದೀಯಲ್ಲೇ!" ಎಂದ ದಾಡಿ ಮೇಜಿನಡಿಯಿಂದ.

"ಅದಕ್ಕೇನೀಗ? ಸೋಪು ಮಾರೋನು ಸೋಪು ತಿಂದು ತೋರಿಸ್ತಾನಾ?"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ದಾಡಿ ಎದ್ದು ಕಂಟ್ರೋಲರನ್ನು ಅವಳ ಕೈಗಿಟ್ಟು, ಹೆಬ್ಬೆರಳು ಹಿಡಿದು ತೋರಿಸಿದ. "ಇದು ಓಡೋಕೆ. ಇದು ಹಾರೋಕೆ. ಉಳಿದಿದ್ದು ನಮ್ಮ ನಾಯಕೀನೇ ನೋಡ್ಕೋತಾಳೆ."

ಅವಳೇನೂ ನೋಡಿಕೊಳ್ಳಲಿಲ್ಲ. ವಿಡಿಯೋದಲ್ಲಿ ಗಿಡುಗದಂತೆ ಎರಗುತ್ತಿದ್ದ ನಾಯಕಿ ಈಗ ಗೋಡೆಗೆ ಮೂಗು ಹಚ್ಚಿ ನಿಂತಲ್ಲೇ ಓಡಿದಳು, ಹೊಗೆ ಕೊಳವೆಯ ಸುತ್ತ ಪ್ರದಕ್ಷಿಣೆ ಹಾಕಿದಳು, ಕೊನೆಗೆ ಛಾವಣಿಯಂಚಿನಿಂದ ಸೀದಾ ಕಾಲುವೆಗೆ ಬಿದ್ದಳು. ತಲೆಯ ಮೇಲೊಂದು ಮೀನು ಕೂರಿಸಿಕೊಂಡು ಮೇಲೆದ್ದು, ಬಟ್ಟೆ ಹಿಂಡಿಕೊಂಡು, ಪರದೆಯಿಂದ ಆಡುವವಳತ್ತ ತಿರುಗಿ, ನಿನ್ನ ಕೈಗೆ ಸಿಕ್ಕಿದ್ದು ನನ್ನ ಕರ್ಮ ಎನ್ನುವಂತೆ ದುರುಗುಟ್ಟಿದಳು.

ಸಭಾಂಗಣ ಹಾರಿಹೋಗುವಂಥ ನಗು. ಈ ಮೀನನ್ನು ದಾಡಿಯ ತಂಡ ಎಷ್ಟು ಮುದ್ದಿನಿಂದ ಮಾಡಿತ್ತೆಂಬುದು ಅವಳಿಗೆ ಗೊತ್ತಿತ್ತು. 'ದೊಡ್ಡ ಗೇಮಿಗೆ ಗಾಂಭೀರ್ಯ ಬೇಕು' ಎಂದು ವಿಡಿಯೋದಿಂದ ಅದನ್ನು ಕತ್ತರಿಸಿ ಹಾಕಿದವಳೂ ಅವಳೇ. ದಾಡಿ ಈಗ ಗಡ್ಡದೊಳಗೇ ನಗುತ್ತಿದ್ದ. ಅವಳಿಗೂ ತಡೆಯಲಾಗಲಿಲ್ಲ.

"ಈ ಬಟನ್ನೇ ಸರಿ ಇಲ್ಲ ಕಣೋ," ಎಂದಳು ಮತ್ತೊಮ್ಮೆ ಬಿದ್ದಾಗ.

"ಕುಣಿಲಾರದೋಳು ನೆಲ ಡೊಂಕು ಅಂದ್ಲಂತೆ!" ಮುಂದಿನ ಸಾಲಿನಿಂದ ಚಿಕ್ಕಮ್ಮ ಎದ್ದೇ ನಿಂತಿದ್ದರು. "ಎಡಕ್ಕೆ ಹೋಗೇ! ಅಲ್ಲಿ ಏಣಿ ಇದೆ, ಕಣ್ಣು ಕಾಣಲ್ವಾ?"

"ಎಡಕ್ಕೆ! ಎಡಕ್ಕೆ!" ಎಂದಿತು ಸಭಾಂಗಣ. ಅವಳು ಬಲಕ್ಕೆ ಹೋಗಿ ಬಿದ್ದಳು. "ಅಯ್ಯೋ!" ಎಂದಿತು ಸಭಾಂಗಣ.

ನಡುವೆ ಗೇಮ್ ನಿಂತೇಹೋಯಿತು. ನಾಯಕಿ ತಲೆಕೆಳಗಾಗಿ ಗಾಳಿಯಲ್ಲಿ ತೂಗುತ್ತ ಉಳಿದಳು. ಇಷ್ಟು ವರ್ಷ ನಿದ್ದೆಗೆಡಿಸಿದ್ದ ಭಯ ಇದೇ. ಆದರೆ ದಾಡಿ ಯಂತ್ರ ಆರಿಸಿ ಮತ್ತೆ ಹಚ್ಚುವವರೆಗೆ ಜನ ಚಪ್ಪಾಳೆಯ ತಾಳ ಹಾಕಿಕೊಂಡು ಕಾದರು, ಒಬ್ಬರೂ ಎದ್ದು ಹೋಗಲಿಲ್ಲ. ಮೊದಲ ಬಾರಿಗೆ ಏಣಿ ಹತ್ತಿದಾಗ ಅವಳು ಖುಷಿಗೆ ನಿಂತಲ್ಲೇ ಕುಪ್ಪಳಿಸಿದಳು. ಬೆರಳು ನೋಯುತ್ತಿತ್ತು, ಕೂದಲು ಪೂರಾ ಬಿಚ್ಚಿಕೊಂಡಿತ್ತು. ಈಗ ಚಿಕ್ಕಮ್ಮನಿಗೂ ಅದರ ಗೊಡವೆ ಇರಲಿಲ್ಲ.

ವೇದಿಕೆಯ ಗಡಿಯಾರ ಕೆಂಪಾಗಿ ಮಿನುಗಿತು. ಕೊಟ್ಟ ಹೊತ್ತು ಮುಗಿದಿತ್ತು. ಯಜಮಾನರು ಕತ್ತಲಿಂದ ಹೊರಬಂದು ನೇರ ಅವಳತ್ತ ನಡೆದರು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಅದನ್ನು ಕಂಡು ದಾಡಿ ಪಕ್ಕಕ್ಕೆ ಸರಿದ, ಜನರ ಕೂಗೂ ಮೆಲ್ಲಗೆ ಇಳಿಯಿತು. ಅವಳು ಮಾತ್ರ ನೋಡಲಿಲ್ಲ. ನಾಯಕಿ ಕೊನೆಯ ಛಾವಣಿಯ ಅಂಚಿನಲ್ಲಿದ್ದಳು.

"ಕೊಡಿಲ್ಲಿ ಅದನ್ನ," ಎಂದು ಯಜಮಾನರು ಕೈ ಚಾಚಿದರು.

ಅವಳು ಉಸಿರು ಬಿಗಿಹಿಡಿದು ಹಾರಿದಳು. ಬಿದ್ದಳು. ಮೀನು.

"ಕೊಡಿ ಅಂದೆ. ನಾನೊಂದ್ಸಲ ನೋಡ್ತೀನಿ."

ಐದು ವರ್ಷ ದುಡ್ಡು ಸುರಿದವರು ಒಮ್ಮೆಯೂ ಕಂಟ್ರೋಲರ್ ಮುಟ್ಟಿರಲಿಲ್ಲ. ಅವಳು ಪರದೆಯಿಂದ ಕಣ್ಣು ಕೀಳದೆ ಹೇಳಿದಳು. "ಇರಿ ಸಾರ್, ನಂದು ಮುಗೀಲಿ."

ಯಜಮಾನರು ಅತ್ತಿತ್ತ ನೋಡಿದರು. ವೇದಿಕೆಯ ಮೇಲೆ ಕುರ್ಚಿ ಇರಲಿಲ್ಲ. ಅವರು ಕೋಟಿನ ಗುಂಡಿ ಬಿಚ್ಚಿ, ಅವಳ ಕಾಲ ಬಳಿ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಪರದೆಯತ್ತ ತಲೆಯೆತ್ತಿ ತಮ್ಮ ಸರದಿಗೆ ಕಾಯತೊಡಗಿದರು.