ತಾರಸಿಯ ಮೇಲಿನ ಹಿಮಾಲಯ

ರಘುನಂದನ ರಾವ್ ಹಿಮಾಲಯವನ್ನು ನೋಡಿದ್ದು ಹನ್ನೊಂದೇ ದಿನ, ಅದೂ ಬಹುಪಾಲು ಬಸ್ಸಿನ ಕಿಟಕಿಯಿಂದ. ಅಷ್ಟಕ್ಕೇ ಆ ಪರ್ವತದಲ್ಲಿ ತಮಗೂ ಒಂದು ಪಾಲಿದೆಯೆಂಬಂತೆ ಮಾತಾಡುತ್ತಿದ್ದರು. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದ ಈ ಮೈಸೂರಿನ ಮನುಷ್ಯ ನಾಗಪುರದ ರಾಮದಾಸಪೇಠದ ಕಟ್ಟಡವೊಂದರ ಕೊನೆಯ ಮಹಡಿಯಲ್ಲಿದ್ದರು. ಅವರ ಕೆಳಗಿನ ಮನೆ ವಾಸಂತಿಯದು. ಅವಳು ಧಾರವಾಡದವಳು, ಅಲ್ಲಿಯದೇ ಅಲ್ಲದ ಈ ಊರಿನ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಸಸ್ಯಶಾಸ್ತ್ರ ಕಲಿಸಿದವಳು. ತುಳಸಿಗೂ ಕಾಮಕಸ್ತೂರಿಗೂ ಫರಕು ತಿಳಿಯದ ಈ ಮನುಷ್ಯ ಲಿಫ್ಟಿನಲ್ಲಿ ತನಗೇ ಗಿಡಗಳ ಪಾಠ ಹೇಳುವುದನ್ನು ಅವಳು ಹೇಗೆ ಸಹಿಸಬೇಕು?

ದೀಪಾವಳಿ ಮುಗಿದದ್ದೇ ತಾರಸಿಯ ಮೇಲೆ ಒಂದು ಗಾಜಿನ ಕೋಣೆ ಎದ್ದಿತು. ಒಳಗೊಂದು ಏಸಿ ಕೂತಿತು. ಹಿಮಾಚಲದ ನರ್ಸರಿಯಿಂದ ಥರ್ಮೊಕೋಲ್ ಪೆಟ್ಟಿಗೆಗಳಲ್ಲಿ ನಲವತ್ತು ಗಿಡ ಬಂದವು. ಎಲ್ಲವೂ ಎತ್ತರದ ಬೆಟ್ಟಗಳಲ್ಲಿ ಬೆಳೆದು, ಹಿಮ ಕರಗುವ ಹೊತ್ತಿಗೆ ಹೂ ಬಿಡುವಂಥವು. ಪ್ರಿಮುಲಾ, ಸ್ಯಾಕ್ಸಿಫ್ರಾಗಾ ಎಂಬ ಅವುಗಳ ಹೆಸರು ರಘುನಂದನರ ಬಾಯಲ್ಲಿ ಪ್ರೇಮಲಾ, ಸಾಕ್ಷಿಫರಂಗ ಆದವು. ನಾಗಪುರದ ಬಿಸಿಲನ್ನು ಸೋಲಿಸಿ ವಸಂತ ಋತುವನ್ನೇ ತಾರಸಿಗೆ ತರುವೆನೆಂದು ಕನ್ನಡ ಸಂಘದ ಸಭೆಯಲ್ಲಿ ಘೋಷಿಸಿಯೂ ಬಂದರು.

ವಾಸಂತಿ ಒಮ್ಮೆ ಹೋಗಿ ನೋಡಿದಳು. ಗಾಜಿನ ಕಿಟಕಿಗಳೆಲ್ಲ ಭದ್ರವಾಗಿ ಮುಚ್ಚಿದ್ದವು. ಕುಂಡಗಳಲ್ಲಿ ಗುಲಾಬಿಗೆ ಹಾಕುವಂಥ ಕಪ್ಪು ಗೊಬ್ಬರದ ಮಣ್ಣು. ರಘುನಂದನ ಝಾರಿ ಹಿಡಿದು, ಬೆಳಿಗ್ಗೆ ಸಂಜೆ ಎರಡು ಹೊತ್ತು, ಎಲೆಗಳ ನಡುನೆತ್ತಿಗೇ ನೀರು ಸುರಿಯುತ್ತಿದ್ದರು. ಒಂದು ತಿಂಗಳಲ್ಲಿ ಇವೆಲ್ಲ ಕೊಳೆಯುತ್ತವೆ ಎಂದು ಅವಳಿಗೆ ನಿಂತಲ್ಲೇ ಗೊತ್ತಾಯಿತು. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರು ನಕ್ಕರು.

"ನಿಮ್ಮ ಕಾಲದ ಸಿಲಬಸ್ಸಲ್ಲಿ ಇದೆಲ್ಲ ಇರಲಿಲ್ಲ ಬಿಡಿ, ಮೇಡಂ."

ವಾಸಂತಿ ಬಾಯಿ ಮುಚ್ಚಿಕೊಂಡು ಕೆಳಗಿಳಿದಳು.

ಡಿಸೆಂಬರಿನಿಂದ ಗಿಡಗಳು ಒಂದೊಂದಾಗಿ ಸಾಯತೊಡಗಿದವು. ಎಲೆ ಹಳದಿಯಾಗಿ, ಬುಡ ಕರಗಿ, ಮುಟ್ಟಿದರೆ ಕೈಗೇ ಬರುತ್ತಿದ್ದವು. ರಘುನಂದನ ಮೊದಲು ನರ್ಸರಿಯವನನ್ನು ಬೈದರು, ಆಮೇಲೆ ನಲ್ಲಿಯ ನೀರನ್ನು, ಆಮೇಲೆ ಊರಿನ ಹೊಗೆಯನ್ನು. ತಮ್ಮ ಕೈಯೊಂದನ್ನು ಬಿಟ್ಟು ಜಗತ್ತಿನ ಎಲ್ಲದರ ಮೇಲೂ ಅವರಿಗೆ ಅನುಮಾನವಿತ್ತು. ಮೆಟ್ಟಿಲ ಬಳಿ ಖಾಲಿ ಕುಂಡಗಳ ಸಾಲು ಬೆಳೆದಂತೆಲ್ಲ ವಾಸಂತಿಯ ಬೆಳಗಿನ ಚಹಾಕ್ಕೆ ರುಚಿ ಹೆಚ್ಚಿತು. ಹಾಲಿನವನು ಬಂದುಹೋದ ಮೇಲೆ ಅವಳು ಬಾಗಿಲಲ್ಲೇ ನಿಂತು ಎಣಿಸುತ್ತಿದ್ದಳು: ಹನ್ನೆರಡು, ಹತ್ತೊಂಬತ್ತು, ಇಪ್ಪತ್ತಾರು.

ಜನವರಿಯ ಒಂದು ಮಧ್ಯಾಹ್ನ ರಘುನಂದನರ ಹೆಂಡತಿ ಗೌರಮ್ಮ ಕೆಳಗೆ ಬಂದರು. ಆಕೆ ಸಂಕೋಚದ ಹೆಂಗಸು, ಯಾರಲ್ಲೂ ಏನನ್ನೂ ಕೇಳಿದವರಲ್ಲ. ಯಜಮಾನರು ಸರಿಯಾಗಿ ಊಟ ಮಾಡುತ್ತಿಲ್ಲ, ಆ ಕೋಣೆಯಲ್ಲೇ ಸ್ಟೂಲ್ ಹಾಕಿಕೊಂಡು ಸುಮ್ಮನೆ ಕೂತಿರುತ್ತಾರೆ, ಏನು ತಪ್ಪಾಗುತ್ತಿದೆಯೆಂದು ನಿಮಗೇನಾದರೂ ಗೊತ್ತೇ ಎಂದು ಕೇಳಿದರು. ಎತ್ತರದ ಗಿಡಗಳ ವಿಷಯ ತನಗೇನೂ ತಿಳಿಯದು ಎಂದಳು ವಾಸಂತಿ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದು ಅವಳಿಗೇ ಆಶ್ಚರ್ಯವೆನಿಸಿತು. ಆ ದಿನವೆಲ್ಲ ಮನಸ್ಸು ಸ್ವಲ್ಪ ಚುಚ್ಚಿತು. ಮರುದಿನ ಲಿಫ್ಟಿನಲ್ಲಿ ರಘುನಂದನ ಹಿಮನದಿಗಳ ಬಗ್ಗೆ ಭಾಷಣ ಬಿಗಿದದ್ದೇ ಆ ಚುಚ್ಚು ಹೋಯಿತು.

ಫೆಬ್ರವರಿಯಲ್ಲಿ ಒಂದು ಗಿಡ ಮೊಗ್ಗು ಬಿಟ್ಟಿತೆಂಬ ಸುದ್ದಿ ಬಂತು. ರಘುನಂದನ ಸಂಘದ ಏಳೆಂಟು ಮನೆಯವರನ್ನು ಭಾನುವಾರ ಉಪ್ಪಿಟ್ಟಿಗೆ ಕರೆದರು. ಒಂದು ಹೂವಿಗೆ ಇಷ್ಟು ಡೌಲು ಎಂದುಕೊಳ್ಳುತ್ತ ವಾಸಂತಿಯೂ ಮೇಲೆ ಹೋದಳು. ಬಾಡಿದ ಹೂವನ್ನೂ ಅದರ ಪಕ್ಕ ಬಾಡಿದ ಮುಖವನ್ನೂ ನೋಡುವ ಆಸೆ ಅವಳಿಗಿತ್ತು.

ಆದರೆ ಹೂ ಬಾಡಿರಲಿಲ್ಲ. ಮೂಲೆಯಲ್ಲಿ, ಸರಿಯಾಗಿ ಮುಚ್ಚದ ಬಾಗಿಲಿನ ಪಕ್ಕ, ಝಾರಿ ಎಟುಕದಷ್ಟು ಹಿಂದೆ ಒಂದು ಕುಂಡವಿತ್ತು. ಬಾಗಿಲ ಸಂದಿಯಿಂದ ಗಾಳಿ ಬೀಸುತ್ತಿತ್ತು. ಬೆರಳುದ್ದದ ದಪ್ಪ ದಂಟು, ಅದರ ತುದಿಗೆ ತಿಳಿ ನೇರಳೆಯ ಪುಟ್ಟ ಹೂಗಳು ಒತ್ತೊತ್ತಾಗಿ ಸೇರಿ ಆದ ಒಂದು ಚೆಂಡು. ಎಲೆಗಳ ಮೇಲೆ ಹಿಟ್ಟು ಉದುರಿಸಿದಂತೆ ಬಿಳಿ ಪುಡಿ. ಈ ಹೂವಿನ ಚಿತ್ರವನ್ನು ವಾಸಂತಿ ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಬಿಡಿಸಿದ್ದಳು, ಪುಸ್ತಕ ನೋಡಿಕೊಂಡು. ಜೀವಂತವಾಗಿ ನೋಡಿದ್ದು ಇದೇ ಮೊದಲು. ಅವಳು ಬಗ್ಗಿ ನಿಂತವಳು ಹಾಗೇ ನಿಂತಳು. ಹಿಂದೆ ಯಾರೋ ಮರಾಠಿಯಲ್ಲಿ ಫೋಟೊ ತೆಗೆಯಿರಿ ಎಂದರು. ರಘುನಂದನ ಫೋಟೊಕ್ಕೆಂದು ಕುಂಡವನ್ನು ಮುಂದಕ್ಕೆಳೆದು, ಝಾರಿ ಎತ್ತಿ ಹೂವಿನ ಬುಡಕ್ಕೆ ಬಗ್ಗಿಸಿದರು.

ವಾಸಂತಿ ಅವರ ಮಣಿಕಟ್ಟು ಹಿಡಿದಳು. "ನೀರು ಹಾಕಬ್ಯಾಡ್ರಿ. ಕೊಳೀತೈತಿ."

ಆಮೇಲೆ ಅವಳಿಗೆ ನಿಲ್ಲಿಸಲಾಗಲಿಲ್ಲ. ಈ ಗಿಡಗಳನ್ನು ಕೊಲ್ಲುವುದು ಸೆಕೆಗಿಂತ ಹೆಚ್ಚಾಗಿ ತೇವ ಎಂದಳು. ಗಾಜು ಇರುವುದು ಮಳೆ ತಡೆಯಲಿಕ್ಕೆ, ಗಾಳಿ ತಡೆಯಲಿಕ್ಕಲ್ಲ, ಚಳಿಗಾಲದ ರಾತ್ರಿ ಕಿಟಕಿಗಳೆಲ್ಲ ತೆರೆದಿರಬೇಕು, ಮಣ್ಣಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಣ್ಣ ಕಲ್ಲಿರಬೇಕು, ನೀರನ್ನು ತಳದ ತಟ್ಟೆಗೆ ಹಾಕಬೇಕು ಎಂದು ಒಂದೇ ಉಸಿರಿಗೆ ಹೇಳಿದಳು. ತರಗತಿಯ ಗತ್ತು ತಾನಾಗಿ ಮರಳಿ ಬಂದಿತ್ತು. ಎಲ್ಲರೂ ತಟ್ಟೆ ಹಿಡಿದು ಕೇಳುತ್ತಿದ್ದರು.

ಉಪ್ಪಿಟ್ಟು ಬಡಿಸುತ್ತಿದ್ದ ಗೌರಮ್ಮ ಸೌಟನ್ನು ಪಾತ್ರೆಯಲ್ಲಿಟ್ಟರು. "ಜನವರಿಲಿ ನಾನು ಬಂದು ಕೇಳ್ದಾಗ್ಲೂ ನಿಮಗೆ ಇದು ಗೊತ್ತಿತ್ತಾ, ವಾಸಂತಿಯವ್ರೇ?"

ವಾಸಂತಿಗೆ ಇನ್ನೊಂದು ಸುಳ್ಳು ಸಿಗಲಿಲ್ಲ. "ಗೊತ್ತಿತ್ರಿ."

ರಘುನಂದನ ಜೇಬು ತಡಕಿ ಪೆನ್ನು ತೆಗೆದರು. ಅವರಿಗೆ ಸಿಟ್ಟು ಬಂದಿರಲಿಲ್ಲ, ಅವಮಾನವೂ ಆದಂತಿರಲಿಲ್ಲ. "ಒಂದ್ನಿಮಿಷ ಮೇಡಂ, ಬರ್ಕೋತೀನಿ. ಕಲ್ಲು ಎಷ್ಟು ಅಂದ್ರಿ?" ಎಂದರು. ಆ ಕಣ್ಣುಗಳಲ್ಲಿದ್ದ ಆಸೆಯನ್ನು ನೋಡಿ ವಾಸಂತಿ ತಲೆ ಬೇರೆ ಕಡೆ ತಿರುಗಿಸಿದಳು.

ಉಳಿದಿದ್ದ ಐದು ಗಿಡಗಳನ್ನು ಮರುದಿನದಿಂದ ಅವಳೇ ಹೊಸ ಕುಂಡಗಳಿಗೆ ಬದಲಾಯಿಸಿದಳು. ಮಾರ್ಚಿನಲ್ಲಿ ಅವುಗಳಲ್ಲಿ ಎರಡು ಅರಳಿದವು. ಬಂದವರಿಗೆಲ್ಲ ರಘುನಂದನ ಇದು ತಮ್ಮದೇ ಸಂಶೋಧನೆ ಎಂದು ಹೇಳುತ್ತಾರೆ. ಅವರು ಮೂರ್ಖರೆಂಬ ಅವಳ ಅಭಿಪ್ರಾಯ ಒಂದಿಷ್ಟೂ ಬದಲಾಗಿಲ್ಲ. ಆದರೆ ಆ ಮೂರ್ಖರು ಗಿಡವೊಂದನ್ನೂ ಬೇಕೆಂದು ಕೊಂದವರಲ್ಲ ಎಂಬುದು ಕೈಗೆ ಮಣ್ಣು ಮೆತ್ತಿಕೊಂಡಾಗಲೆಲ್ಲ ಅವಳಿಗೆ ನೆನಪಾಗುತ್ತದೆ. ಗೌರಮ್ಮ ದಿನವೂ ಇಬ್ಬರಿಗೂ ಕಾಫಿ ತಂದು, ವಾಸಂತಿಯ ಲೋಟವನ್ನು ಮಾತ್ರ ಕೈಗೆ ಕೊಡದೆ, ಒಂದು ಮಾತಿಲ್ಲದೆ ಕಟ್ಟೆಯ ಮೇಲಿಟ್ಟು ಹೋಗುತ್ತಾರೆ. ವಾಸಂತಿ ಅದನ್ನು ಆರುವ ಮೊದಲು ಕುಡಿಯುತ್ತಾಳೆ.